ಸೂಜಿ ಬೆನ್ನಿಗೆ, ರಕ್ತ ತಲೆಯಲ್ಲಿ

ಪ್ರಶ್ನೆ: ಡಾಕ್ಟ್ರೇ, ನನ್ನ ನೆಗೆಣ್ಣಿಗೆ ಸಿಸೇರಿಯನ್ ಆಯಿತು. ನೋವು ಗೊತ್ತಾಗದಿರಲಿ ಅಂತ ಬೆನ್ನಿಗೆ ಸೂಜಿ ಮಾಡಿದ್ದರು. ಮೂರನೇ ದಿನದಿಂದ ತಲೆನೋವು. ಥಂಡಿ ಹತ್ತಿದೆ ಅಂತ ನಮ್ಮತ್ತೆ ತಲೆಗೆ ಬಟ್ಟೆ ಬಿಗಿದರು. ಎರಡು ವಾರದ ಮೇಲೆ ವಾಂತಿ, ಮಂಪರು ಶುರುವಾಯಿತು. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿ, ಮೆದುಳಿನ ಪಕ್ಕ ರಕ್ತ ನಿಂತಿದೆ ಅಂದರು. ಆಪರೇಷನ್ ಆಗಿ ಈಗ ಆರಾಮಿದ್ದಾರೆ. ಸೊಂಟಕ್ಕೆ ಹಾಕಿದ ಸೂಜಿಯಿಂದ ತಲೆಯಲ್ಲಿ ರಕ್ತ ಹೇಗೆ? ನನಗೀಗ ಏಳು ತಿಂಗಳು. ಆ ಸೂಜಿ ಬೇಡ ಅನ್ನಲೇ?
– ಓದುಗರೊಬ್ಬರು, ಗದಗ

ಉತ್ತರ: ಬೇಡ ಅನ್ನಬೇಡಿ, ತಂಗಿ. ಪೂರ್ತಿ ಪ್ರಜ್ಞೆ ತಪ್ಪಿಸಿ ಸಿಸೇರಿಯನ್ ಮಾಡಿದರೆ ಅದರ ಅಪಾಯ ಬೇರೆ. ಹೊಟ್ಟೆಯಲ್ಲಿದ್ದ ಆಹಾರ ಶ್ವಾಸಕೋಶಕ್ಕೆ ಇಳಿಯಬಹುದು. ಬಸುರಿಯರಿಗೆ ಉಸಿರಿನ ನಳಿಕೆ ಹಾಕುವುದೂ ಸುಲಭವಲ್ಲ.

ಮೆದುಳು, ಬೆನ್ನುಹುರಿ ಎರಡರ ಸುತ್ತಲೂ ಒಂದೇ ಪೊರೆ, ಒಳಗೆ ಒಂದೇ ನೀರು. ಸೊಂಟದ ಹತ್ತಿರ ಆ ಪೊರೆ ಚುಚ್ಚಿ ಔಷಧಿ ಬಿಡುತ್ತೇವೆ. ಹೆಚ್ಚಿನವರಲ್ಲಿ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಕೆಲವರಲ್ಲಿ ನೀರು ಸೋರುತ್ತಲೇ ಇರುತ್ತದೆ. ಆಗ ಎದ್ದು ಕೂತರೆ ಮೆದುಳು ಕೆಳಕ್ಕೆ ಜಗ್ಗುತ್ತದೆ, ತಲೆ ಸಿಡಿಯುತ್ತದೆ. ಮಲಗಿದರೆ ಆರಾಮ. 1898ರಲ್ಲಿ ಜರ್ಮನಿಯಲ್ಲಿ ಈ ವಿಧಾನ ಶುರು ಮಾಡಿದ ಆಗಸ್ಟ್ ಬಿಯರ್ ತಮ್ಮ ಬೆನ್ನಿಗೂ ಸೂಜಿ ಹಾಕಿಸಿಕೊಂಡು ಇದೇ ತಲೆನೋವಿಂದ ಹಾಸಿಗೆ ಹಿಡಿದಿದ್ದರು!

ಮೆದುಳಿನ ಮೇಲಿಂದ ಹೊರಪೊರೆಗೆ ಹೋಗುವ ಸಣ್ಣ ರಕ್ತನಾಳಗಳಿವೆ. ಮೆದುಳು ಜಗ್ಗಿದರೆ ಅವೂ ಜಗ್ಗುತ್ತವೆ. ಅಪರೂಪಕ್ಕೆ ಒಂದು ಹರಿದು, ರಕ್ತ ನಿಧಾನಕ್ಕೆ ಜಿನುಗಿ ಅಲ್ಲೇ ನಿಲ್ಲುತ್ತದೆ. ಅಮೆರಿಕದ 2010–2016ರ ಹೆರಿಗೆ ದಾಖಲೆಗಳಲ್ಲಿ ಇದು ಲಕ್ಷಕ್ಕೆ ಒಂದೋ ಎರಡೋ. ಸೂಜಿಯ ತಲೆನೋವು ಬಂದವರನ್ನಷ್ಟೇ ಲೆಕ್ಕ ಹಿಡಿದರೆ ಲಕ್ಷಕ್ಕೆ ಸುಮಾರು 147. ಆಗಲೂ ಕಡಿಮೆಯೇ, ಆದರೆ ಆ ತಲೆನೋವನ್ನು ಸುಮ್ನೆ ಬಿಡುವ ಹಾಗಿಲ್ಲ.

ನಮ್ಮ ಕಡೆ ಒಂದು ತೊಡಕಿದೆ. ಬಾಣಂತಿಯನ್ನು ದಿನವಿಡೀ ಹೊರಸಿನ ಮೇಲೆ ಮಲಗಿಸಿರುತ್ತೇವೆ. ಮಲಗಿದಾಗ ನೋವಿಲ್ಲ, ಹಾಗಾಗಿ ಕಾಯಿಲೆ ಅರ್ಧ ಮುಚ್ಚಿಹೋಗುತ್ತದೆ. ಊಟಕ್ಕೋ ಕೂಸಿಗೆ ಹಾಲು ಕುಡಿಸಲಿಕ್ಕೋ ಎದ್ದಾಗ ಮಾತ್ರ ಹಣೆ ಹಿಡಿದುಕೊಳ್ಳುತ್ತಾಳೆ. ನಿಮ್ಮತ್ತೆ ಕಟ್ಟಿದ ಬಟ್ಟೆಯಿಂದ ಕೇಡೇನೂ ಆಗಿಲ್ಲ, ಅವರನ್ನು ಬೈಯಬೇಡಿ. ಕಳೆದುಹೋದದ್ದು ದಿನಗಳು.

ವಾರ್ಡಿನಲ್ಲಿ ನಾನು ಮೊದಲು ಕೇಳುವುದು, "ಮಲಕೊಂಡ್ರ ಕಡಿಮಿ ಆಗ್ತದೇನ್ರಿ?" ಹೂಂ ಅಂದರೆ ನೀರು, ಕಾಫಿ, ನೋವಿನ ಮಾತ್ರೆ, ವಿಶ್ರಾಂತಿ. ಅದಕ್ಕೂ ಬಗ್ಗದಿದ್ದರೆ ಅವರದೇ ತೋಳಿನಿಂದ ಸುಮಾರು 20 ಮಿಲಿ ರಕ್ತ ತೆಗೆದು ಬೆನ್ನಿನ ಆ ಜಾಗಕ್ಕೆ ಬಿಡುತ್ತೇವೆ. ಅದು ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. "ಮದ್ಲ ಆಗ್ತಿತ್ರಿ, ಈಗ ಮಲಕೊಂಡ್ರೂ ಹೋಗವಲ್ದು" ಅಂದರೆ ಮಾತ್ರ ತಡಮಾಡದೆ ಸ್ಕ್ಯಾನ್. ವಾಂತಿ, ಮಂಪರು, ಫಿಟ್ಸ್, ಒಂದು ವಸ್ತು ಎರಡಾಗಿ ಕಾಣುವುದು, ಕೈಕಾಲು ಸೋಲುವುದು ಇದ್ದರೆ ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೊರಡಿ. ರಕ್ತ ಸ್ವಲ್ಪವೇ ಇದ್ದರೆ ಆಪರೇಷನ್ ಇಲ್ಲದೆಯೂ ಕರಗಬಹುದು.

ನಿಮ್ಮ ಹೆರಿಗೆಗೆ ಮೊದಲು ಅರಿವಳಿಕೆ ವೈದ್ಯರನ್ನು ಒಮ್ಮೆ ಕಂಡು ಮಾತಾಡಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಮುಚ್ಚಿಡಬೇಡಿ. ಪೆನ್ಸಿಲ್ ಮೊನೆಯ ಸಣ್ಣ ಸೂಜಿ ಇದೆಯಾ ಅಂತಲೂ ಕೇಳಿ. ಅದರಲ್ಲಿ ತಲೆನೋವು ಕಡಿಮೆ.