ನಿಮ್ಮ ಇನ್ಸ್‌ಪೆಕ್ಟರ್ ಆ ಲೋಟವನ್ನು ಯಾಕೆ ಒರೆಸಿದರು?

ಪ್ರಿಯ ಮಿತ್ರರೇ,

ನಿಮ್ಮ ಪತ್ತೇದಾರಿ ಕಥೆ ತಲುಪಿತು. ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ಓಟವಿದೆ, ಕೊಲೆಗಾರ ಯಾರೆಂದು ಕೊನೆಯ ತನಕ ನನಗೆ ಹೊಳೆಯಲಿಲ್ಲ. ಇಷ್ಟು ಹೇಳಿ, ಈಗಿನ ರೂಪದಲ್ಲಿ ಪ್ರಕಟಿಸಲಾಗದು ಎಂದು ಎರಡು ಸಾಲು ಸೇರಿಸಿ ಕಳಿಸಿಬಿಡಬಹುದಿತ್ತು. ಆದರೆ ನಿಮ್ಮ ಇನ್ಸ್‌ಪೆಕ್ಟರ್ ನನ್ನ ತಲೆಯಿಂದ ಹೋಗುತ್ತಿಲ್ಲ. ಮೊದಲ ಓದಿಗೆ ಸಿಟ್ಟು ಬಂತು, ಎರಡನೆಯ ಓದಿಗೆ ಸಂಕಟವಾಯಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಶ್ರೀಮಂತ ಮುದುಕರೊಬ್ಬರು ಓದುವ ಕೋಣೆಯಲ್ಲಿ ಸತ್ತು ಬಿದ್ದಿದ್ದಾರೆ. ಪೊಲೀಸರು ಮನೆಯ ಮಾಲಿಯನ್ನು ಹಿಡಿದು ಒಳಗೆ ಹಾಕುತ್ತಾರೆ. ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರು ನಿಜವಾದ ಕೊಲೆಗಾರನನ್ನು ಪತ್ತೆಹಚ್ಚುತ್ತಾರೆ. ಇದರಲ್ಲಿ ತಕರಾರಿಲ್ಲ. ನಾಲ್ಕನೇ ಪುಟಕ್ಕೆ ಬನ್ನಿ.

‘ಇನ್ಸ್‌ಪೆಕ್ಟರ್ ಮೇಜಿನ ಮೇಲಿದ್ದ ಲೋಟವನ್ನು ಎತ್ತಿ ಮೂಸಿದರು. ಕರ್ಚೀಫಿನಿಂದ ಒರೆಸಿ ಪಕ್ಕಕ್ಕಿಟ್ಟರು.’

ಯಾಕೆ ಒರೆಸಿದರು? ಇಪ್ಪತ್ತು ವರ್ಷ ಸರ್ವೀಸಾದವರು ಎಂದು ಹಿಂದಿನ ಪುಟದಲ್ಲಿ ನೀವೇ ಬರೆದಿದ್ದೀರಿ. ಅಷ್ಟು ವರ್ಷಗಳಲ್ಲಿ ಎಷ್ಟು ಮಹಜರು ಬರೆಸಿರಬೇಕು, ಎಷ್ಟು ಸಲ ಬೆರಳಚ್ಚಿನವರಿಗಾಗಿ ಕಾದು ನಿಂತಿರಬೇಕು! ಆ ಲೋಟದ ಮೇಲೆ ಬೆರಳಚ್ಚು ಉಳಿದಿದ್ದರೆ ನಿಮ್ಮ ಕಥೆ ಆರನೇ ಪುಟಕ್ಕೇ ಮುಗಿಯುತ್ತಿತ್ತು. ಅದು ಅಳಿಯಬೇಕಾಗಿದ್ದು ನಿಮಗೆ. ಅದಕ್ಕೆ ಇನ್ಸ್‌ಪೆಕ್ಟರ ಕೈಗೆ ಕರ್ಚೀಫು ಕೊಟ್ಟಿರಿ.

ಬೆರಳಚ್ಚು ಅಳಿಯಲು ಎಷ್ಟೋ ನಿಜವಾದ ದಾರಿಗಳಿವೆ. ಪೊಲೀಸರು ಬರುವ ಮೊದಲೇ ಮನೆಯವರು ಗಾಬರಿಯಲ್ಲಿ ಕೋಣೆಯನ್ನೆಲ್ಲ ಎತ್ತಿಟ್ಟಿರಬಹುದು. ಹೊಸದಾಗಿ ಕೆಲಸಕ್ಕೆ ಸೇರಿದ ಕಾನ್‌ಸ್ಟೆಬಲ್ ಒಬ್ಬ, ಲೋಟ ಒಡೆಯದೆ ಜೋಪಾನವಾಗಿ ಹೋಗಲಿ ಎಂದು ಅದಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿರಬಹುದು. ಆ ಬಟ್ಟೆಯೇ ಗುರುತನ್ನು ಉಜ್ಜಿ ಹಾಕುತ್ತದೆ. ಇಂಥ ತಪ್ಪನ್ನು ಓದಿದರೆ ನನಗೆ ಆ ಹುಡುಗನ ಮೇಲೆ ಕನಿಕರ ಹುಟ್ಟುತ್ತದೆ, ಸತ್ತವರ ಬಗ್ಗೆ ಆತಂಕವೂ ಹುಟ್ಟುತ್ತದೆ. ಕರ್ಚೀಫಿನ ಸಾಲು ಓದಿದಾಗ ಏನೂ ಹುಟ್ಟಲಿಲ್ಲ.

ಐದನೇ ಪುಟದಲ್ಲಿ ಅದೇ ಇನ್ಸ್‌ಪೆಕ್ಟರ್ ಹೆಣದ ತೋಳು ಮುಟ್ಟಿ, ‘ಸೆಟೆದಿದೆ. ರಾತ್ರಿ ಸರಿಯಾಗಿ ಹನ್ನೊಂದಕ್ಕೆ ಸತ್ತಿದ್ದಾರೆ, ಬರ್ಕೊಳ್ರಿ’ ಅನ್ನುತ್ತಾರೆ. ಇದು ತಪ್ಪೆಂದು ನಿಮಗೆ ಗೊತ್ತು. ಹದಿನಾರನೇ ಪುಟದಲ್ಲಿ ಮೇಷ್ಟ್ರು ಇದನ್ನು ಹಿಡಿದು ಇನ್ಸ್‌ಪೆಕ್ಟರ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಾರೆ. ಆದರೆ ಅವರ ಮಾತನ್ನು ಗಮನಿಸಿದಿರಾ? ‘ಹನ್ನೊಂದಲ್ಲ, ಒಂಬತ್ತೂವರೆ.’ ಅದೂ ಅದೇ ಸೆಟೆತದ ಲೆಕ್ಕದ ಮೇಲೆ! ಸತ್ತ ಎರಡರಿಂದ ನಾಲ್ಕು ಗಂಟೆಯೊಳಗೆ ದವಡೆ, ಕತ್ತು ಬಿಗಿಯತೊಡಗುತ್ತವೆ. ಸುಮಾರು 12 ಗಂಟೆಯ ಹೊತ್ತಿಗೆ ಮೈಯೆಲ್ಲ ಸೆಟೆದಿರುತ್ತದೆ, ಆಮೇಲೆ ನಿಧಾನವಾಗಿ ಸಡಿಲಾಗುತ್ತದೆ. ಸೆಕೆಯಿದ್ದರೆ ಬೇಗ, ಚಳಿಯಿದ್ದರೆ ತಡ. ಸಾಯುವ ಮುಂಚೆ ಮೈ ದಣಿದಿದ್ದರೆ ಇನ್ನೂ ಬೇಗ. ಇದೊಂದನ್ನೇ ನೋಡಿ ಅರ್ಧ ಗಂಟೆಯೂ ಆಚೀಚೆಯಾಗದಂತೆ ಸಮಯ ಹೇಳಲು ಯಾವ ವೈದ್ಯರಿಗೂ ಆಗದು. ಇಬ್ಬರೂ ಮಾಡಿದ್ದು ಒಂದೇ ತಪ್ಪು. ಒಬ್ಬರನ್ನು ದಡ್ಡರೆಂದಿರಿ, ಇನ್ನೊಬ್ಬರನ್ನು ಮೇಧಾವಿ ಎಂದಿರಿ. ಇದು ಅನ್ಯಾಯ.

ಜೊತೆಗಿಟ್ಟ ಪತ್ರದಲ್ಲಿ ‘ಈ ಪ್ರಕಾರದಲ್ಲಿ ಪೊಲೀಸರನ್ನು ದಡ್ಡರಾಗಿ ತೋರಿಸುವುದು ಸಂಪ್ರದಾಯ’ ಎಂದಿದ್ದೀರಿ. ಸಂಪ್ರದಾಯದ ಬುಡಕ್ಕೇ ಹೋಗೋಣ. ಎಡ್ಗರ್ ಅಲನ್ ಪೋ ಬರೆದ ಕಳುವಾದ ಪತ್ರದ ಕಥೆ ಮೊದಲು ಅಚ್ಚಾಗಿದ್ದು 1844ರಲ್ಲಿ. ಅದರಲ್ಲಿ ಪ್ಯಾರಿಸ್ಸಿನ ಪೊಲೀಸರು ಸೋಲುತ್ತಾರೆ, ನಿಜ. ಆದರೆ ಎಷ್ಟು ದುಡಿದು ಸೋಲುತ್ತಾರೆ! ತಿಂಗಳುಗಟ್ಟಲೆ ರಾತ್ರಿಯೆಲ್ಲ ಹುಡುಕುತ್ತಾರೆ. ಮೆತ್ತೆಗಳಿಗೆ ಉದ್ದನೆಯ ಸೂಜಿ ಚುಚ್ಚುತ್ತಾರೆ, ಮೇಜಿನ ಹಲಗೆ ಕಳಚುತ್ತಾರೆ, ಕುರ್ಚಿಯ ಕೀಲುಗಳನ್ನು ಸೂಕ್ಷ್ಮದರ್ಶಕ ಹಿಡಿದು ನೋಡುತ್ತಾರೆ. ಪತ್ರ ಮಾತ್ರ ಎಲ್ಲರ ಕಣ್ಣೆದುರೇ ನೇತಾಡುತ್ತಿರುತ್ತದೆ. ಕದ್ದವನು ಮೂಲೆಯಲ್ಲೇ ಬಚ್ಚಿಟ್ಟಿರುತ್ತಾನೆಂಬ ಅನುಭವದ ನಂಬಿಕೆಯೇ ಅವರ ಕಣ್ಣು ಕಟ್ಟಿತ್ತು. 1887ರಲ್ಲಿ ಪತ್ತೇದಾರ ಷರ್ಲಾಕ್ ಹೋಮ್ಸ್ ಜೊತೆಗೇ ಕಥಾಲೋಕಕ್ಕೆ ಕಾಲಿಟ್ಟ ಲಂಡನ್ ಪೊಲೀಸ್ ಇನ್ಸ್‌ಪೆಕ್ಟರ್ ಲೆಸ್ಟ್ರೇಡ್ ಕೂಡ ಕೊನೆಯವರೆಗೂ ನಗೆಪಾಟಲಿನ ವಸ್ತುವಾಗಿಯೇ ಉಳಿಯಲಿಲ್ಲ. 1904ರ ಒಂದು ಕಥೆಯಲ್ಲಿ ಆತ, ನಮಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚಿಲ್ಲ, ಹೆಮ್ಮೆಯಿದೆ ಎಂದು ಹೋಮ್ಸನಿಗೆ ಹೇಳುತ್ತಾನೆ. ಹೋಮ್ಸನಂಥವನ ಮನಸ್ಸೂ ಅಲ್ಲಿ ಕರಗುತ್ತದೆ.

ನಿಜವಾಗಿ ನಡೆದದ್ದನ್ನೂ ನೋಡಿ. 1860ರಲ್ಲಿ ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯ ದೊಡ್ಡ ಮನೆಯೊಂದರಲ್ಲಿ ನಾಲ್ಕು ವರ್ಷ ತುಂಬದ ಮಗುವಿನ ಕೊಲೆಯಾಯಿತು. ಅಡುಗೆಮನೆ ಕಡೆಯ ಒಲೆಯ ಗೂಡಿನಲ್ಲಿ ರಕ್ತದ ಕಲೆಯಿದ್ದ ಒಳಂಗಿಯೊಂದು ಸ್ಥಳೀಯ ಪೊಲೀಸರಿಗೆ ಸಿಕ್ಕಿತು. ಯಾರಾದರೂ ತೆಗೆಯಲು ಬಂದರೆ ಹಿಡಿಯೋಣವೆಂದು ಅದನ್ನು ಅಲ್ಲೇ ಇಟ್ಟರು. ರಾತ್ರಿ ಕಾವಲಿಗೆ ಬಂದ ಪೊಲೀಸರನ್ನು ಮನೆಯ ಯಜಮಾನ ಅಡುಗೆಮನೆಯಲ್ಲಿ ಬಿಟ್ಟು ಹೊರಗಿನಿಂದ ಅಗುಳಿ ಹಾಕಿದ. ಒಳಂಗಿ ಮಾಯವಾಯಿತು. ನಾಚಿಕೆಯಿಂದ ಆ ವಿಷಯವನ್ನೇ ಅವರು ಮುಚ್ಚಿಟ್ಟರು, ಲಂಡನ್ನಿನಿಂದ ಬಂದ ಪತ್ತೇದಾರ ಜ್ಯಾಕ್ ವಿಚರ್‌ಗೂ ಬಾಯಿ ಬಿಡಲಿಲ್ಲ. ವಿಚರ್ ಅನುಮಾನಪಟ್ಟಿದ್ದು ಮನೆಯ ಮಗಳನ್ನು. ಸಾಬೀತು ಮಾಡಲಾಗದೆ ಹೆಸರು ಕೆಡಿಸಿಕೊಂಡು ವಾಪಸಾದ. ಐದು ವರ್ಷದ ಮೇಲೆ, 1865ರಲ್ಲಿ, ಅವಳೇ ಬಂದು ಒಪ್ಪಿಕೊಂಡಳು. ಇಲ್ಲಿ ಯಾರೂ ಕರ್ಚೀಫಿನಿಂದ ಲೋಟ ಒರೆಸಲಿಲ್ಲ. ದೊಡ್ಡವರ ಮನೆಯೆಂಬ ಸಂಕೋಚ, ಜಾಣತನ ಮಾಡಲು ಹೋಗಿ ಆದ ಎಡವಟ್ಟು, ಅದನ್ನು ಮೇಲಿನವರಿಗೆ ಹೇಳಲಾರದ ಭಯ, ಇವೆಲ್ಲ ಸೇರಿ ಒಂದು ತನಿಖೆ ಕೆಟ್ಟಿತು.

ನಾನೂ ಇಂಥದ್ದೇ ಕಥೆ ಬರೆದವನು. ಇಪ್ಪತ್ತಮೂರರ ವಯಸ್ಸಿನಲ್ಲಿ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ, ನಿದ್ದೆಗಣ್ಣಿನ ದಪ್ಪ ಹೊಟ್ಟೆಯ ಹೆಡ್ ಕಾನ್‌ಸ್ಟೆಬಲ್ ಒಬ್ಬನನ್ನಿಟ್ಟು ಕಥೆ ಬರೆದು ಹಿರಿಯ ಉಪಸಂಪಾದಕರಿಗೆ ಕೊಟ್ಟೆ. ಅವರು ಓದಿ, ‘ಹದಿನೈದು ದಿನ ಕೋರ್ಟಿಗೆ ಹೋಗಿ ಹಿಂದಿನ ಬೆಂಚಲ್ಲಿ ಕೂತ್ಕೊಂಡು ಬಾ, ಆಮೇಲೆ ಇದನ್ನ ತಿದ್ದು’ ಅಂದರು. ಹೋದೆ. ಆರನೆಯ ದಿನವೋ ಏಳನೆಯ ದಿನವೋ, ಕೊಲೆ ಮೊಕದ್ದಮೆಯೊಂದರಲ್ಲಿ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಕಟಕಟೆ ಹತ್ತಿದರು. ಜಪ್ತಿ ಮಾಡಿದ ಚಾಕು ಪ್ರಯೋಗಾಲಯಕ್ಕೆ ಹೋಗುವ ಮುಂಚೆ ಹನ್ನೊಂದು ದಿನ ಠಾಣೆಯ ಬೀರುವಿನಲ್ಲೇ ಇತ್ತು. ಪಾಟೀಸವಾಲಿನಲ್ಲಿ ವಕೀಲರು ಕೇಳಿದರು: ‘ಬೀರುವಿನ ಕೀಲಿ ಯಾರ ಹತ್ತಿರ ಇತ್ತು?’ ‘ನನ್ನ ಹತ್ತಿರ, ಸ್ವಾಮಿ.’ ‘ನೀವು ಮೂರು ದಿನ ರಜೆಯಲ್ಲಿದ್ದಿರಲ್ಲ, ಆಗ?’

ಅವರು ಉತ್ತರ ಕೊಡಲಿಲ್ಲ. ಕಟಕಟೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಬೆರಳ ಗೆಣ್ಣು ಬೆಳ್ಳಗಾಗಿದ್ದವು. ಮಗಳ ಹೆರಿಗೆಗೆಂದು ರಜೆ ಹಾಕಿ ಹೋಗಿದ್ದರಂತೆ, ಕೀಲಿಯನ್ನು ಮೇಜಿನ ಡ್ರಾಯರಿನಲ್ಲಿಟ್ಟು. ಹೊರಗೆ ಬಂದ ಮೇಲೆ, ನಾನು ಕೇಳದಿದ್ದರೂ, ಪಕ್ಕದಲ್ಲಿ ನಿಂತವನಿಗೆ ಹೇಳಿಕೊಳ್ಳುವ ಹಾಗೆ ಹೇಳಿದರು. ಕೊಲೆಯಾದವನ ತಾಯಿ ನಾಲ್ಕು ಹೆಜ್ಜೆ ಆಚೆ ಕೂತಿದ್ದರು. ಆ ರಾತ್ರಿ ನನ್ನ ಕಥೆಯನ್ನು ತೆಗೆದು ನೋಡಿದೆ. ಒಂದು ಸಾಲನ್ನೂ ಉಳಿಸಿಕೊಳ್ಳಲಾಗಲಿಲ್ಲ.

ಈಗ ನನಗೆ ಸಂಕಟ ತಂದ ಸಾಲಿಗೆ ಬರುತ್ತೇನೆ. ಇಪ್ಪತ್ತೆರಡನೇ ಪುಟ: ‘ಮಾಲಿಯನ್ನು ಬಿಟ್ಟು ಕಳಿಸಿದರು.’ ಅಷ್ಟೇ. ಮುಂದಿನ ಸಾಲಿನಲ್ಲಿ ಮೇಷ್ಟ್ರಿಗೆ ಸನ್ಮಾನ.

ಅವನು ಒಂಬತ್ತು ರಾತ್ರಿ ಲಾಕಪ್ಪಿನಲ್ಲಿದ್ದ ಎಂದು ನಿಮ್ಮದೇ ಕಥೆ ಹೇಳುತ್ತದೆ. ಕೊಲೆಗಾರನೆಂದು ಊರೆಲ್ಲ ನಂಬಿದ್ದ ಮನುಷ್ಯ ಬಾಗಿಲಾಚೆ ಬಂದಾಗ ಯಾರು ಕಾದಿದ್ದರು? ಅದೇ ಮನೆಗೆ ಕೆಲಸಕ್ಕೆ ಮರಳಿದನೇ? ಅವನನ್ನು ಹಿಡಿದ ಇನ್ಸ್‌ಪೆಕ್ಟರ್ ಆ ಹೊತ್ತಿಗೆ ಎಲ್ಲಿದ್ದರು, ಅವನ ಮುಖ ನೋಡಿದರೇ? ಪೊಲೀಸರ ತಪ್ಪನ್ನು ಕಥೆಯಾಗಿಸಲು ಹೊರಟ ನೀವು, ಆ ತಪ್ಪು ಯಾರ ಮೈಮೇಲೆ ಬಿತ್ತೋ ಅವನನ್ನೇ ಮರೆತಿರಿ. ಇಪ್ಪತ್ತಮೂರು ಪುಟಗಳಲ್ಲಿ ಅವನಿಗೊಂದು ಹೆಸರೂ ಇಲ್ಲ.

ಮೊದಲು ಅವನಿಗೆ ಹೆಸರಿಡಿ. ಬಿಡುಗಡೆಯ ಆ ಒಂದು ಸಾಲಿನ ಜಾಗದಲ್ಲಿ ಎರಡು ಪುಟ ಬರೆಯಿರಿ, ಇನ್ಸ್‌ಪೆಕ್ಟರನ್ನೂ ಆ ಪುಟಗಳೊಳಗೆ ಕರೆತನ್ನಿ. ಅದು ಬರೆದಾದರೆ ಲೋಟದ ದೃಶ್ಯವನ್ನು ಹೇಗೆ ತಿದ್ದಬೇಕೆಂದು ನಿಮಗೇ ತಿಳಿಯುತ್ತದೆ. ಅವಸರವಿಲ್ಲ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ.

ನಿಮ್ಮ,
ಸಂಪಾದಕ