ಮನೆಯಲ್ಲಿ ಉಳಿದ ಕಣ್ಣಿನ ಡ್ರಾಪ್ಸ್ ನಾಯಿಗೆ ಬೇಡ

ನಮಸ್ಕಾರ. ಸಿದ್ದಾಪುರದ ತೋಟದಲ್ಲಿ ಕಾಫಿ ಗಿಡದ ಕಡ್ಡಿ ತಾಗಿ ನಾಯಿ ಒಂದು ಕಣ್ಣು ಮುಚ್ಚಿಕೊಂಡಿದೆ, ನೀರು ಸುರಿಯುತ್ತಿದೆ, ಅಮ್ಮನ ಪೊರೆ ಆಪರೇಷನ್ ಆದಾಗ ಕೊಟ್ಟ ಡ್ರಾಪ್ಸ್ ಹಾಕಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ.

ಆ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್, ಅಂದರೆ ಊತ, ಕೆಂಪು ಇಳಿಸುವ ಔಷಧ, ಇರುತ್ತದೆ. ಬಾಟಲಿ ಮೇಲೆ ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್ ಅಂತ ಇದೆಯಾ ನೋಡಿ. ಕಣ್ಣಿನ ಮುಂಭಾಗದ ತಿಳಿ ಪದರ, ಅಂದರೆ ಕಾರ್ನಿಯಾ, ಗೀರಿದ್ದರೆ ಸ್ಟೀರಾಯ್ಡ್ ಅದನ್ನು ಮಾಯಲು ಬಿಡುವುದಿಲ್ಲ. ಸೋಂಕಿಗೂ ದಾರಿಯಾಗುತ್ತದೆ. ಕಾರ್ನಿಯಾವನ್ನೇ ಕರಗಿಸುವ ಕಿಣ್ವಗಳು ಜೋರಾಗುತ್ತವೆ. ನಾಯಿಯ ಕಾರ್ನಿಯಾ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪ, ಅಷ್ಟೇ. ಸೋಂಕು ಜಾಸ್ತಿಯಾದರೆ ಒಂದೆರಡು ದಿನದಲ್ಲೇ ತೂತಾಗಬಹುದು. ಇನ್ನೊಂದು ಅಪಾಯ ಇದೆ. ಸ್ಟೀರಾಯ್ಡ್ ಹಾಕಿದರೆ ಕೆಂಪು ಬೇಗ ಇಳಿಯುತ್ತದೆ, ವಾಸಿಯಾಯಿತು ಅನ್ನಿಸುತ್ತದೆ, ಒಳಗೆ ಗಾಯ ಆಳವಾಗುತ್ತಿರುತ್ತದೆ.

ಮರಗಟ್ಟಿಸುವ ಡ್ರಾಪ್ಸ್ ಕೂಡ ಮನೆಯಲ್ಲಿ ಬೇಡ. ಡಾಕ್ಟರು ಪರೀಕ್ಷೆಗೆ ಒಂದು ಹನಿ ಹಾಕುವುದು ಸರಿ, ಮತ್ತೆ ಮತ್ತೆ ಹಾಕಿದರೆ ಮೇಲ್ಪದರದ ಜೀವಕೋಶಗಳೇ ಹಾಳಾಗುತ್ತವೆ.

ಮಳೆ ಇದ್ದರೂ ನಾಳೆಗೆ ತಳ್ಳಬೇಡಿ. ವಿರಾಜಪೇಟೆಗೋ ಮಡಿಕೇರಿಗೋ, ಯಾವುದು ಹತ್ತಿರವೋ ಅಲ್ಲಿನ ಪಶುವೈದ್ಯರಿಗೆ ತೋರಿಸಿ. ಫ್ಲೋರೆಸಿನ್ ಬಣ್ಣ ಹಾಕಿ ನೋಡಲು ಕೇಳಿ. ಗಾಯ ಇದ್ದ ಜಾಗ ಹಸಿರಾಗಿ ಕಾಣುತ್ತದೆ. ಮೇಲಿನ ಗೀರಾದರೆ ಆಂಟಿಬಯಾಟಿಕ್ ಡ್ರಾಪ್ಸ್‌ನಲ್ಲಿ ಹೆಚ್ಚಾಗಿ ಒಂದು ವಾರದೊಳಗೆ ಮಾಯುತ್ತದೆ. ಅಲ್ಲಿಯವರೆಗೆ ಕಾಲಿನಿಂದ ಉಜ್ಜದಂತೆ ಕೊರಳಿಗೆ ಕೋನ್, ಅಂದರೆ ತಲೆಯ ಸುತ್ತ ಬರುವ ಆಲಿಕೆಯಂಥ ಪಟ್ಟಿ, ಕಟ್ಟಿ. ಈಗಾಗಲೇ ಒಂದು ಹನಿ ಹಾಕಿಬಿಟ್ಟಿದ್ದರೆ ಮುಚ್ಚಿಡಬೇಡಿ, ಆ ಬಾಟಲಿಯನ್ನೂ ಡಾಕ್ಟರಿಗೆ ತೋರಿಸಿ.