ಸಂಪಾದಕರ ಉತ್ತರ: ಬೀಟಲ್ಸ್‌ಗಿಂತ ಮುಂಚೆ ಅಲ್ಲಿ ಏನಿತ್ತು?

(1950ರ ದಶಕದ ಬ್ರಿಟನ್ನಿನ ನಂಬರ್ ಒನ್ ಹಾಡುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಮೈಸೂರಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರು ಹೇಳುವುದು ಇಷ್ಟು: ‘ಬೀಟಲ್ಸ್ ತಂಡ ಬರುವವರೆಗೂ ಬ್ರಿಟನ್ನಿನವರು ಮಾಡಿದ್ದೆಲ್ಲ ಅಮೆರಿಕದ ನಕಲು. ಅದಕ್ಕೆ ನಾಲ್ಕು ಪುಟ ಯಾಕೆ ಕೊಟ್ಟಿರಿ? ಇನ್ನೆರಡು ಪ್ರಶ್ನೆ. ಗಾಯಕ ಕ್ಲಿಫ್ ರಿಚರ್ಡ್ ಹುಟ್ಟಿದ್ದು ನಮ್ಮ ದೇಶದಲ್ಲಿ ಅಂತ ತಂದೆ ಹೇಳುತ್ತಿದ್ದರು, ನಿಜವೇ? ಬೀಟಲ್ಸ್‌ನ ‘ಪ್ಲೀಸ್ ಪ್ಲೀಸ್ ಮಿ’ ನಂಬರ್ ಒನ್ ಆಗಿತ್ತು ಅಂತ ಓದಿದ್ದೇನೆ. ಆದರೆ ಅವರ ನಂಬರ್ ಒನ್ ಹಾಡುಗಳ ಸಿಡಿಯಲ್ಲಿ ಅದೇ ಇಲ್ಲ, ಯಾಕೆ?’)

ಪ್ರಿಯ ಓದುಗರೇ,

ನಮಸ್ಕಾರ. ನಿಮ್ಮ ಪತ್ರದಲ್ಲಿ ಸಿಟ್ಟಿದೆ. ಸಂಗೀತದ ಮೇಲೆ ಪ್ರೀತಿ ಅದಕ್ಕಿಂತ ಜಾಸ್ತಿ ಇದೆ. ಹಾಗಾಗಿ ಎರಡು ಸಾಲಿನಲ್ಲಿ ಮುಗಿಸಲು ಮನಸ್ಸು ಬರಲಿಲ್ಲ.

ನಕಲು ಇತ್ತು, ಒಪ್ಪುತ್ತೇನೆ. ಅಮೆರಿಕದಲ್ಲಿ ಒಂದು ಹಾಡು ಓಡಿತು ಅಂದರೆ ಸ್ವಲ್ಪ ದಿನದಲ್ಲೇ ಲಂಡನ್ನಿನ ಯಾರಾದರೊಬ್ಬರು ಅದನ್ನೇ ಹಾಡಿ ರೆಕಾರ್ಡ್ ತರುತ್ತಿದ್ದರು. ಆದರೆ ಅದಕ್ಕೆ ಕಾರಣ ಗಾಯಕರ ಸೋಮಾರಿತನ ಅಲ್ಲ. ಆಗಿನ ವ್ಯಾಪಾರವೇ ಹಾಗಿತ್ತು. ಹಾಡಿನ ಹಕ್ಕು ಇದ್ದದ್ದು ಪ್ರಕಾಶಕರ ಕೈಯಲ್ಲಿ. ಲಂಡನ್ನಿನ ಡೆನ್ಮಾರ್ಕ್ ಸ್ಟ್ರೀಟಿನಲ್ಲಿ ಅವರ ಆಫೀಸುಗಳು. ರೆಕಾರ್ಡಿನ ಕಾಲ ಬರುವ ಮುಂಚಿನಿಂದಲೂ ಅವರಿಗೆ ದುಡ್ಡು ಬರುತ್ತಿದ್ದದ್ದು ಸ್ವರಲಿಪಿ ಅಚ್ಚು ಹಾಕಿದ ಹಾಳೆಗಳಿಂದ. ಮನೆಯಲ್ಲಿ ಪಿಯಾನೋ ಇದ್ದವರು ಅದನ್ನು ಕೊಂಡು ನುಡಿಸುತ್ತಿದ್ದರು. ಹಾಡಿದವರು ಯಾರೇ ಆಗಲಿ, ಪ್ರಕಾಶಕರಿಗೆ ಲಾಭವೇ. ನಾಲ್ಕು ಜನ ಹಾಡಿದರೆ ಇನ್ನೂ ಒಳ್ಳೆಯದು. 1955ರಲ್ಲಿ ‘ಅನ್‌ಚೈನ್ಡ್ ಮೆಲೊಡಿ’ಯನ್ನು ಬ್ರಿಟನ್ನಿನ ಜಿಮ್ಮಿ ಯಂಗ್ ಹಾಡಿ ನಂಬರ್ ಒನ್ ಮಾಡಿದರು, ಅಂದರೆ ವಾರವಾರದ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ತಂದರು. ಅದೇ ಹೊತ್ತಿಗೆ ಅಮೆರಿಕದ ಅಲ್ ಹಿಬ್ಲರ್ ಹಾಡಿದ್ದೂ ಪಟ್ಟಿಯಲ್ಲಿ ಮೇಲೇ ಇತ್ತು. 1957ರ ಜನವರಿಯಲ್ಲಂತೂ ‘ಸಿಂಗಿಂಗ್ ದ ಬ್ಲೂಸ್’ ಹಾಡಿಗೆ ಇಬ್ಬರ ನಡುವೆ ಜಗ್ಗಾಟವೇ ನಡೆಯಿತು. ಮೊದಲು ಅಮೆರಿಕದ ಗೈ ಮಿಚೆಲ್ ನಂಬರ್ ಒನ್. ಮುಂದಿನ ವಾರ ಅದೇ ಹಾಡಿಗೆ ಲಂಡನ್ನಿನ ಬರ್ಮಂಡ್ಸಿಯ ಟಾಮಿ ಸ್ಟೀಲ್ ನಂಬರ್ ಒನ್. ಅದರ ಮುಂದಿನ ವಾರ ಮತ್ತೆ ಮಿಚೆಲ್.

1959ರ ಪಟ್ಟಿ ನೋಡಿದರೆ ನಿಮ್ಮ ಮಾತಿಗೆ ಇನ್ನಷ್ಟು ಬಲ ಬರುತ್ತದೆ. ಆ ವರ್ಷ ಕ್ರೇಗ್ ಡಗ್ಲಸ್ ‘ಓನ್ಲಿ ಸಿಕ್ಸ್‌ಟೀನ್’ ಹಾಡಿ ನಂಬರ್ ಒನ್ ಆದರು. ಸ್ಯಾಮ್ ಕುಕ್ ಹಾಡಿದ ಮೂಲ ಹಾಡನ್ನು ಒಮ್ಮೆ ಕೇಳಿದವರಿಗೆ ಇದು ಸಪ್ಪೆ ಅನ್ನಿಸುತ್ತದೆ. ಇಂಥ ಹಾಡುಗಳನ್ನು ನಾನೂ ಎರಡನೇ ಸಲ ಹಾಕಿ ಕೇಳುವುದಿಲ್ಲ.

ಆದರೆ ‘ಎಲ್ಲ’ ನಕಲು ಅಂದಿರಲ್ಲ, ಅದನ್ನು ಒಪ್ಪಲು ಆಗುವುದಿಲ್ಲ. 1957ರಿಂದ 1962ರ ನಡುವೆ ಅದೇ ಪಟ್ಟಿಯಲ್ಲಿ ಅಮೆರಿಕದಲ್ಲೂ ಇಲ್ಲದ ಒಂದು ಸದ್ದು ಹುಟ್ಟಿಕೊಂಡಿತು. ಅದು ಎಲ್ಲಿಂದ ಬಂತು ಅಂತ ಹೇಳುತ್ತೇನೆ.

ಲೋನಿ ಡಾನಿಗನ್ ಅಂತ ಒಬ್ಬರು ಕ್ರಿಸ್ ಬಾರ್ಬರ್ ಅವರ ಜಾಝ್ ತಂಡದಲ್ಲಿ ಬ್ಯಾಂಜೋ ನುಡಿಸುತ್ತಿದ್ದರು. ಕಛೇರಿಯ ನಡುವೆ ಬಿಡುವಿನ ಹೊತ್ತಿನಲ್ಲಿ ಅವರು ಮತ್ತು ಇನ್ನೊಂದಿಬ್ಬರು ಅಮೆರಿಕದ ಹಳೇ ಜನಪದ ಹಾಡುಗಳನ್ನು ಗಿಟಾರ್ ಹಿಡಿದು ಜೋರಾಗಿ ಹಾಡುತ್ತಿದ್ದರು. ಅದಕ್ಕೆ ಸ್ಕಿಫಲ್ ಅಂತ ಹೆಸರು. ಹಾಗೆ 1954ರಲ್ಲಿ ಹಾಡಿದ ‘ರಾಕ್ ಐಲೆಂಡ್ ಲೈನ್’ 1956ರಲ್ಲಿ ಎರಡೂ ದೇಶಗಳಲ್ಲಿ ಮೊದಲ ಹತ್ತರೊಳಗೆ ಬಂತು. ಮರುವರ್ಷ ‘ಕಂಬರ್ಲೆಂಡ್ ಗ್ಯಾಪ್’ ಐದು ವಾರ ನಂಬರ್ ಒನ್. ಹಾಡು ಅಮೆರಿಕದ್ದೇ, ಸರಿ. ಆದರೆ ಆ ವೇಗ, ಆ ಕಿರುಚು ಅಮೆರಿಕದ್ದಲ್ಲ. ಎಲ್ಲಕ್ಕಿಂತ ಮುಖ್ಯ, ಅದನ್ನು ಯಾರು ಬೇಕಾದರೂ ಬಾರಿಸಬಹುದಿತ್ತು. ಅಗ್ಗದ ಒಂದು ಗಿಟಾರ್. ತಾಳಕ್ಕೆ ಬಟ್ಟೆ ಒಗೆಯುವ ತಗಡಿನ ಹಲಗೆ. ಬೆರಳಿಗೆ ಹೊಲಿಗೆಯ ಅಂಗುಸ್ತಾನ ಹಾಕಿಕೊಂಡು ಅದನ್ನು ಕೆರೆಯುವುದು. ಚಹಾ ತುಂಬಿ ಹಡಗಿನಲ್ಲಿ ಬರುತ್ತಿದ್ದ ಮರದ ಪೆಟ್ಟಿಗೆ ಬೋರಲು ಹಾಕಿ, ಅದಕ್ಕೊಂದು ಪೊರಕೆ ಕೋಲು ನಿಲ್ಲಿಸಿ, ದಾರ ಬಿಗಿದರೆ ಬೇಸ್ ವಾದ್ಯ ತಯಾರು. ಊರೂರಿನಲ್ಲೂ ಹುಡುಗರು ತಂಡ ಕಟ್ಟಿದರು.

ಇಲ್ಲಿ ಒಂದು ದಿನದ ಮಾತು ಹೇಳಲೇಬೇಕು. 1957ರ ಜುಲೈ 6, ಶನಿವಾರ. ಆ ವಾರ ಬ್ರಿಟನ್ನಿನ ನಂಬರ್ ಒನ್ ಡಾನಿಗನ್ ಅವರ ರೆಕಾರ್ಡ್. ಒಂದು ಬದಿಯಲ್ಲಿ ‘ಗ್ಯಾಂಬ್ಲಿನ್ ಮ್ಯಾನ್’, ಇನ್ನೊಂದು ಬದಿಯಲ್ಲಿ ‘ಪುಟಿಂಗ್ ಆನ್ ದ ಸ್ಟೈಲ್’. ಅವತ್ತು ಲಿವರ್‌ಪೂಲಿನ ವೂಲ್ಟನ್‌ನಲ್ಲಿ ಚರ್ಚಿನ ಜಾತ್ರೆ. ಅಲ್ಲಿ ಕ್ವಾರಿಮೆನ್ ಅನ್ನೋ ಸ್ಕಿಫಲ್ ತಂಡ ಹಾಡಿತು. ಮುಂದೆ ನಿಂತು ಹಾಡಿದ್ದು 16 ವರ್ಷದ ಜಾನ್ ಲೆನನ್. ಕೇಳಲು ಬಂದಿದ್ದ 15 ವರ್ಷದ ಪಾಲ್ ಮೆಕಾರ್ಟ್ನಿಗೆ ಅವನ ಪರಿಚಯ ಆದದ್ದು ಅವತ್ತೇ. ಮುಂದೆ ಬೀಟಲ್ಸ್‌ನ ಮುಖ್ಯ ಗಾಯಕರಾದವರು ಇವರಿಬ್ಬರೇ. ಸಂಜೆಯ ಕಾರ್ಯಕ್ರಮವನ್ನು ಸಭೆಯಲ್ಲಿದ್ದ ಒಬ್ಬ ಹುಡುಗ ಟೇಪಿನಲ್ಲಿ ಹಿಡಿದಿಟ್ಟಿದ್ದ. 1994ರಲ್ಲಿ ಆ ಟೇಪು ಹರಾಜಿಗೆ ಬಂತು. ಅದರಲ್ಲಿ ಲೆನನ್ ಹಾಡುವ ಒಂದು ಹಾಡು ಯಾವುದು ಗೊತ್ತೇ? ಇದೇ ‘ಪುಟಿಂಗ್ ಆನ್ ದ ಸ್ಟೈಲ್’. ಆ ವಾರದ ನಂಬರ್ ಒನ್ ಹಾಡು! ನೀವು ಬೀಟಲ್ಸ್ ಒಂದು ಕಡೆ, ಅವರಿಗಿಂತ ಮುಂಚಿನವರೆಲ್ಲ ಇನ್ನೊಂದು ಕಡೆ ಅಂತ ಗೆರೆ ಎಳೆದಿದ್ದೀರಿ. ಆ ಗೆರೆ ಈ ಟೇಪಿನ ಮುಂದೆ ನಿಲ್ಲುವುದಿಲ್ಲ.

ಇನ್ನು ಕ್ಲಿಫ್ ರಿಚರ್ಡ್. ನಿಮ್ಮ ತಂದೆ ಹೇಳಿದ್ದು ನಿಜ. ಅವರು ಹುಟ್ಟಿದ್ದು ಲಕ್ನೋದಲ್ಲಿ, 1940ರ ಅಕ್ಟೋಬರ್ 14ರಂದು. ಹೆಸರು ಹ್ಯಾರಿ ವೆಬ್. ಅಪ್ಪನಿಗೆ ರೈಲ್ವೆಗೆ ಊಟ-ತಿಂಡಿ ಒದಗಿಸುವ ಗುತ್ತಿಗೆ ಕಂಪನಿಯಲ್ಲಿ ಕೆಲಸ. 1948ರಲ್ಲಿ ಕುಟುಂಬ ಬೊಂಬಾಯಿಯಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ಹತ್ತು ವರ್ಷದ ನಂತರ, 1958ರಲ್ಲಿ, ‘ಮೂವ್ ಇಟ್’ ಬಂತು. ಬರೆದದ್ದು ಅವರದೇ ತಂಡದ ಇಯಾನ್ ಸ್ಯಾಮ್‌ವೆಲ್, ಕ್ಲಿಫ್ ಮನೆಗೆ ಹೋಗುತ್ತಾ ಬಸ್ಸಿನಲ್ಲಿ ಕೂತು. ರೆಕಾರ್ಡಿನ ಹಿಂಬದಿಗೆ ಅಂತ ಇಟ್ಟಿದ್ದ ಹಾಡು ಅದು. ಮುಂಬದಿಯಲ್ಲಿ ಇದ್ದದ್ದು ಅಮೆರಿಕದ ಒಂದು ಹಾಡು! ‘ಓ ಬಾಯ್!’ ಅನ್ನೋ ಟಿವಿ ಕಾರ್ಯಕ್ರಮದ ನಿರ್ಮಾಪಕ ಜ್ಯಾಕ್ ಗುಡ್ ಹಟ ಹಿಡಿದು ಹಿಂಬದಿಯ ಹಾಡನ್ನೇ ಹಾಡಿಸಿದರು. ಅದು ಎರಡನೇ ಸ್ಥಾನಕ್ಕೆ ಹೋಯಿತು. ನಂಬರ್ ಒನ್ ಆಗದಿದ್ದರೂ ಬ್ರಿಟನ್ನಿನಲ್ಲಿ ಬರೆದು ಹಾಡಿದ ಮೊದಲ ನಿಜವಾದ ರಾಕ್ ಅಂಡ್ ರೋಲ್ ಹಾಡು ಅದೇ ಅಂತ ನನ್ನ ಅಭಿಪ್ರಾಯ. ಮರುವರ್ಷ ಅವರನ್ನು ಮೊದಲ ಸಲ ಮೇಲಕ್ಕೆ ಕೂರಿಸಿದ್ದು ಮೆಲ್ಲಗೆ ಸಾಗುವ ‘ಲಿವಿಂಗ್ ಡಾಲ್’. ಆರು ವಾರ ಇಳಿಯಲಿಲ್ಲ.

ನಿಮ್ಮ ತಂದೆ ಇವನ್ನೆಲ್ಲ ರೇಡಿಯೋ ಸಿಲೋನ್‌ನಲ್ಲಿ ಕೇಳುತ್ತಿದ್ದರು ಅಂತಲೂ ಬರೆದಿದ್ದೀರಿ. ಬ್ರಿಟನ್ನಿನ ಹುಡುಗರ ಪಾಡೂ ಹೆಚ್ಚುಕಮ್ಮಿ ಹಾಗೇ ಇತ್ತು. ಬಿಬಿಸಿಯಲ್ಲಿ ರೆಕಾರ್ಡ್ ಹಾಕಲು ಇಂತಿಷ್ಟೇ ಗಂಟೆ ಅಂತ ಮಿತಿ. ವಾದ್ಯಗಾರರ ಕೆಲಸ ಹೋಗಬಾರದು ಅಂತ ಮಾಡಿಕೊಂಡ ಒಪ್ಪಂದ ಅದು. ಹಾಗಾಗಿ ಬಿಬಿಸಿಯಲ್ಲಿ ಎಷ್ಟೋ ಹಾಡುಗಳು ವಾದ್ಯಗೋಷ್ಠಿಯ ಕೈಯಲ್ಲಿ ಬೇರೆಯೇ ರೂಪದಲ್ಲಿ ಬರುತ್ತಿದ್ದವು. ಅಸಲಿ ರೆಕಾರ್ಡ್ ಬೇಕು ಅಂದರೆ ರಾತ್ರಿ ರೇಡಿಯೋ ಲಕ್ಸೆಂಬರ್ಗ್ ಹಚ್ಚಬೇಕು. ಇಲ್ಲೂ 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಕಾಣೆಯಾಗಿ, ಜನ ಸಿಲೋನಿನ ಕಡೆ ತಿರುಗಿದ್ದರು. ಅದೇ ವರ್ಷ ಅಲ್ಲಿ ಬಿನಾಕಾ ಗೀತಮಾಲಾ ಅನ್ನೋ ಸಿನಿಮಾ ಹಾಡಿನ ಕಾರ್ಯಕ್ರಮ ಶುರುವಾಯಿತು.

ಈಗ ನನಗೆ ಅತಿ ಇಷ್ಟವಾದ ಭಾಗಕ್ಕೆ ಬರುತ್ತೇನೆ: 1960ರ ಆಗಸ್ಟ್. ಆ ಒಂದು ತಿಂಗಳ ಪಟ್ಟಿ ಸಾಕು ನಿಮ್ಮ ವಾದಕ್ಕೆ ಉತ್ತರ ಕೊಡಲು.

ಮೊದಲು ‘ಶೇಕಿನ್ ಆಲ್ ಓವರ್’. ಜಾನಿ ಕಿಡ್ ಮತ್ತು ಅವರ ಪೈರೇಟ್ಸ್ ತಂಡ. ರೆಕಾರ್ಡಿಂಗ್‌ಗೆ ಹೋಗಬೇಕು, ಹಿಂಬದಿಗೆ ಹಾಡಿಲ್ಲ. ಹಿಂದಿನ ದಿನ ಲಂಡನ್ನಿನ ಒಂದು ಕಾಫಿ ಬಾರಿನ ನೆಲಮಾಳಿಗೆಯಲ್ಲಿ ಕೂತು ಹೊಂದಿಸಿದ ಹಾಡು ಇದು. ಗಿಟಾರ್ ನುಡಿಸಲು ಜೋ ಮೊರೆಟ್ಟಿಯನ್ನು ಕರೆಸಿದ್ದರು. ಹಾಡಿನಲ್ಲಿ ಮೈ ನಡುಗುತ್ತಿದೆ ಅನ್ನುವ ಕಡೆ ಮೊರೆಟ್ಟಿ, ಬೇಸ್ ನುಡಿಸುತ್ತಿದ್ದವರ ಸಿಗರೇಟ್ ಲೈಟರ್ ಇಸಿದುಕೊಂಡು ತಂತಿಯ ಮೇಲೆ ಜಾರಿಸಿದರು. ಕಣ್ಣು ಮುಚ್ಚಿ ಕೇಳಿ, ಬೆನ್ನಹುರಿಯಲ್ಲಿ ಛಳಿ ಇಳಿದ ಹಾಗಾಗುತ್ತದೆ. ಆಗ ಅಮೆರಿಕದಲ್ಲಿ ರಾಕ್ ಅಂಡ್ ರೋಲ್ ಮೆತ್ತಗಾಗಿತ್ತು. ಅಲ್ಲಿನ ಹೆಸರಾಂತ ಗಾಯಕರಲ್ಲಿ ಎಲ್ವಿಸ್ ಆಗಷ್ಟೇ ಸೈನ್ಯದಿಂದ ವಾಪಸ್ ಬಂದಿದ್ದರು, ಬಡ್ಡಿ ಹಾಲಿ ತೀರಿಕೊಂಡಿದ್ದರು, ಲಿಟ್ಲ್ ರಿಚರ್ಡ್ ದೇವರ ಹಾಡು ಹಿಡಿದಿದ್ದರು. ಆ ಹೊತ್ತಿಗೆ ಇಷ್ಟು ಬಿರುಸಾದ ಹಾಡು ಬ್ರಿಟನ್ನಿನಿಂದ ಬಂತು. ಒಂದೇ ವಾರ ನಂಬರ್ ಒನ್ ಆಗಿದ್ದು ಅಂತ ನನಗೆ ಈಗಲೂ ಬೇಜಾರು.

ಅದೇ ತಿಂಗಳ ಕೊನೆಗೆ ‘ಅಪಾಚೆ’. ಕ್ಲಿಫ್ ಹಿಂದೆ ನುಡಿಸುತ್ತಿದ್ದ ಶ್ಯಾಡೋಸ್ ತಂಡದ್ದು. ಮಾತೇ ಇಲ್ಲ, ಬರೀ ವಾದ್ಯ. ಜೆರ್ರಿ ಲಾರ್ಡನ್ ಇದನ್ನು ಮಾಡಿ, ಪ್ರವಾಸದ ನಡುವೆ ಗಿಟಾರಿನಂಥ ಪುಟ್ಟ ಯುಕುಲೇಲೆಯಲ್ಲಿ ನುಡಿಸಿ ತೋರಿಸಿದ್ದರಂತೆ. ಶುರುವಿನಲ್ಲಿ ಬರುವ ಡೋಲಿನ ಸದ್ದು ಸ್ವತಃ ಕ್ಲಿಫ್ ಬಾರಿಸಿದ್ದು. ತಂಡದ ಗಿಟಾರ್ ವಾದಕ ಹ್ಯಾಂಕ್ ಮಾರ್ವಿನ್ ಕೈಯಲ್ಲಿದ್ದ ಕೆಂಪು ಸ್ಟ್ರ್ಯಾಟೋಕ್ಯಾಸ್ಟರ್ ಗಿಟಾರನ್ನು ಕ್ಲಿಫ್ ಅಮೆರಿಕದಿಂದ ತರಿಸಿ ಕೊಟ್ಟಿದ್ದರು. ಆವರೆಗೆ ಬ್ರಿಟನ್ನಿಗೆ ಅಮೆರಿಕದ ಗಿಟಾರ್ ಬರುವುದೇ ದುಸ್ತರವಾಗಿತ್ತು. ಆಮದಿನ ನಿರ್ಬಂಧ ಸಡಿಲವಾದದ್ದು 1959ರಲ್ಲಿ. ಆ ಗಿಟಾರಿಗೆ ಇಟಲಿಯ ಪ್ರತಿಧ್ವನಿ ಯಂತ್ರ ಜೋಡಿಸಿ ಹ್ಯಾಂಕ್ ಒಂದೊಂದೇ ಸ್ವರವನ್ನು ತೂಗಿ ಬಿಡುತ್ತಾರೆ. ಅವಸರ ಇಲ್ಲ, ಒಂದು ಸ್ವರವೂ ಜಾಸ್ತಿ ಇಲ್ಲ. ‘ಅಪಾಚೆ’ ಐದು ವಾರ ಮೇಲಿತ್ತು. ಅದು ಕೆಳಗೆ ತಳ್ಳಿದ್ದು ಕ್ಲಿಫ್ ಅವರ ಹಾಡನ್ನೇ. ಮುಂದೆ 1973ರಲ್ಲಿ ಅಮೆರಿಕದ ಇನ್ಕ್ರೆಡಿಬಲ್ ಬಾಂಗೋ ಬ್ಯಾಂಡ್ ಇದೇ ಧುನ್ ನುಡಿಸಿತು. ಆ ರೆಕಾರ್ಡಿನ ಡೋಲಿನ ತುಂಡನ್ನು ಮತ್ತೆ ಮತ್ತೆ ತಿರುಗಿಸಿ ನ್ಯೂಯಾರ್ಕಿನ ಡಿಜೆಗಳು ಹಿಪ್ ಹಾಪ್ ಕಟ್ಟಿದರು. ಯಾರು ಯಾರಿಂದ ತೆಗೆದುಕೊಂಡರು, ನೀವೇ ಹೇಳಿ.

ಇನ್ನೊಂದು ರೆಕಾರ್ಡ್ ಹೇಳಿ ಈ ಮಾತು ಮುಗಿಸುತ್ತೇನೆ. ‘ಟೆಲ್‌ಸ್ಟಾರ್’, 1962. ಆ ಜುಲೈನಲ್ಲಿ ಅದೇ ಹೆಸರಿನ ಉಪಗ್ರಹ ಆಕಾಶಕ್ಕೆ ಹಾರಿತ್ತು. ಲಂಡನ್ನಿನ ಹಾಲೊವೇ ರೋಡಿನಲ್ಲಿ ಚರ್ಮದ ಸಾಮಾನಿನ ಅಂಗಡಿ, ಅದರ ಮೇಲಿನ ಬಾಡಿಗೆ ಮನೆಯೇ ಜೋ ಮೀಕ್ ಅವರ ಸ್ಟುಡಿಯೋ. ದೊಡ್ಡ ಕಂಪನಿಗಳ ಸ್ಟುಡಿಯೋ ಬೇಡ ಅಂತ ಬಂದವರು. ಬಚ್ಚಲುಮನೆಯಲ್ಲಿ ಗಾಯಕರನ್ನು ನಿಲ್ಲಿಸುವುದು, ಮೆಟ್ಟಿಲ ಮೇಲೆ ಪಿಟೀಲಿನವರನ್ನು ಕೂರಿಸುವುದು, ತಂತಿ ಎಳೆದು ತಾವೇ ಯಂತ್ರ ಜೋಡಿಸಿಕೊಳ್ಳುವುದು. ಟಾರ್ನಡೋಸ್ ತಂಡ ಅಲ್ಲಿ ನುಡಿಸಿತು. ಕ್ಲಾವಿಯೋಲಿನ್ ಅನ್ನೋ ವಿದ್ಯುತ್ ಕೀಬೋರ್ಡಿನಲ್ಲಿ ರಾಗ ಸೇರಿಸಿದ್ದು ಜೆಫ್ ಗಾಡರ್ಡ್. ಡ್ರಮ್ಸ್ ಕ್ಲೆಮ್ ಕ್ಯಾಟಿನಿ, ಗಿಟಾರ್ ಅಲನ್ ಕ್ಯಾಡಿ. ಇಬ್ಬರೂ ‘ಶೇಕಿನ್ ಆಲ್ ಓವರ್’ನಲ್ಲೂ ಇದ್ದವರು. ಬ್ರಿಟನ್ನಿನಲ್ಲಿ ಹಾಡು ಐದು ವಾರ ನಂಬರ್ ಒನ್ ಆಯಿತು. ಡಿಸೆಂಬರಿನಲ್ಲಿ ಅಮೆರಿಕದಲ್ಲೂ ನಂಬರ್ ಒನ್ ಆಯಿತು. ಅಲ್ಲಿನ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ತುದಿ ಮುಟ್ಟಿದ ಮೊದಲ ಬ್ರಿಟಿಷ್ ತಂಡ ಬೀಟಲ್ಸ್ ಅಲ್ಲ, ಟಾರ್ನಡೋಸ್. ಆದರೆ ಫ್ರಾನ್ಸಿನ ಒಬ್ಬ ಸಂಗೀತಗಾರರು ಧುನ್ ತಮ್ಮದು ಅಂತ ಕೇಸು ಹಾಕಿದ್ದರಿಂದ ಮೀಕ್ ಅವರಿಗೆ ರಾಯಲ್ಟಿ ಬರುವುದು ನಿಂತುಹೋಯಿತು. ತೀರ್ಪು ಮೀಕ್ ಕಡೆಗೇ ಆಯಿತು, ಆದರೆ ಅಷ್ಟೊತ್ತಿಗೆ 1967ರಲ್ಲಿ ಅವರು ತೀರಿಕೊಂಡಿದ್ದರು. ಇದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಕೊನೆಯದಾಗಿ ನಿಮ್ಮ ಸಿಡಿಯ ಪ್ರಶ್ನೆ. ಆಗ ಬ್ರಿಟನ್ನಿನಲ್ಲಿ ಎಲ್ಲರೂ ಒಪ್ಪುವ ಒಂದೇ ಪಟ್ಟಿ ಅಂತ ಇರಲಿಲ್ಲ. ಮೊದಲ ಪಟ್ಟಿ ಬಂದದ್ದು 1952ರ ನವೆಂಬರ್ 14ರಂದು, ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ. ಪರ್ಸಿ ಡಿಕಿನ್ಸ್ ಅನ್ನುವವರು ಇಪ್ಪತ್ತರಷ್ಟು ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ಯಾವುದು ಜಾಸ್ತಿ ಖರ್ಚಾಯಿತು ಅಂತ ಕೇಳಿ ಬರೆದುಕೊಂಡರು. ಮೊದಲ ನಂಬರ್ ಒನ್ ಅಮೆರಿಕದ ಅಲ್ ಮಾರ್ಟಿನೋ. ಆಮೇಲೆ ಮೆಲೊಡಿ ಮೇಕರ್, ರೆಕಾರ್ಡ್ ಮಿರರ್, ಡಿಸ್ಕ್, ರೆಕಾರ್ಡ್ ರೀಟೇಲರ್, ಹೀಗೆ ಪತ್ರಿಕೆಗೊಂದು ಪಟ್ಟಿ. ಒಬ್ಬೊಬ್ಬರು ಕೇಳುವ ಅಂಗಡಿಗಳೂ ಬೇರೆ ಬೇರೆ. ಲೆಕ್ಕ ಸಮವಾಗಿ ಇಬ್ಬರು ಒಟ್ಟಿಗೆ ಮೇಲೆ ಕೂತದ್ದೂ ಉಂಟು. 1959ರ ಡಿಸೆಂಬರಿನಲ್ಲಿ ಆಡಮ್ ಫೇತ್ ಮತ್ತು ಎಮೀಲ್ ಫೋರ್ಡ್ ಒಂದು ವಾರ ಹಾಗೆ ಹಂಚಿಕೊಂಡರು.

ಈಗ ಅಧಿಕೃತ ಅಂತ ಎಣಿಸುವಾಗ 1960ರ ಮಾರ್ಚ್‌ವರೆಗೆ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪಟ್ಟಿಯನ್ನೂ, ಅಲ್ಲಿಂದ ಮುಂದೆ ರೆಕಾರ್ಡ್ ರೀಟೇಲರ್ ಪಟ್ಟಿಯನ್ನೂ ಹಿಡಿಯುತ್ತಾರೆ. 1963ರ ಆರಂಭದಲ್ಲಿ ‘ಪ್ಲೀಸ್ ಪ್ಲೀಸ್ ಮಿ’ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಮತ್ತು ಮೆಲೊಡಿ ಮೇಕರ್ ಎರಡರಲ್ಲೂ ನಂಬರ್ ಒನ್. ರೆಕಾರ್ಡ್ ರೀಟೇಲರ್‌ನಲ್ಲಿ ಮಾತ್ರ ಎರಡು. ಮೇಲಿದ್ದದ್ದು ಫ್ರ್ಯಾಂಕ್ ಐಫೀಲ್ಡ್ ಅವರ ‘ದ ವೇವರ್ಡ್ ವಿಂಡ್’. ಹಾಗಾಗಿ 2000ದಲ್ಲಿ ಬಂದ ನಿಮ್ಮ ‘1’ ಸಿಡಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಅಧಿಕೃತ ಲೆಕ್ಕದಲ್ಲಿ ಬೀಟಲ್ಸ್‌ನ ಮೊದಲ ನಂಬರ್ ಒನ್ 1963ರ ಮೇ ತಿಂಗಳ ‘ಫ್ರಮ್ ಮಿ ಟು ಯು’. ಆ ವರ್ಷದ ಫೆಬ್ರವರಿ ಕೊನೆ, ಮಾರ್ಚ್ ಮೊದಲಲ್ಲಿ ಅಂಗಡಿಗೆ ಹೋಗಿ ಪತ್ರಿಕೆ ಕೊಂಡ ಹುಡುಗರಿಗೆ ಮಾತ್ರ ‘ಪ್ಲೀಸ್ ಪ್ಲೀಸ್ ಮಿ’ಯೇ ನಂಬರ್ ಒನ್. ನಾನೂ ಅವರ ಪಕ್ಷ.

ಒಂದು ಕೋರಿಕೆ. ‘ಮೂವ್ ಇಟ್’, ‘ಶೇಕಿನ್ ಆಲ್ ಓವರ್’, ‘ಅಪಾಚೆ’, ‘ಟೆಲ್‌ಸ್ಟಾರ್’: ನಾಲ್ಕನ್ನೂ ಇದೇ ಕ್ರಮದಲ್ಲಿ, ಒಂದೇ ಸಲಕ್ಕೆ ಕೂತು ಕೇಳಿ. ಹತ್ತು-ಹನ್ನೆರಡು ನಿಮಿಷದ ಕೆಲಸ. ಆಮೇಲೂ ನಕಲು ಅನ್ನಿಸಿದರೆ ಯಾವುದರ ನಕಲು ಅಂತ ವಿವರವಾಗಿ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ನಿಮ್ಮ ಪತ್ರವನ್ನು ಪೂರ್ತಿ ಹಾಕುತ್ತೇವೆ.

– ಸಂಪಾದಕ